ನೂರು ಎಂಬಿಪಿಎಸ್ ಅಂದ್ರೆ ಎಷ್ಟು ಸ್ವಾಮಿ?

ನಮ್ಮ ತ್ಯಾಗರಾಜನಗರದಲ್ಲಿ ಮೊದಲೆಲ್ಲ ಎದುರುಮನೆಯವರು ಗೇಟಿನ ಹತ್ತಿರ ಸಿಕ್ಕರೆ ಮಾತು ಶುರುವಾಗುತ್ತಿದ್ದದ್ದು ಕಾವೇರಿ ನೀರಿನಿಂದ. "ಇವತ್ತು ಬಿಟ್ಟಿದ್ದಾರಾ? ಸಂಪ್ ತುಂಬ್ತಾ?" ಈಗ ಅದರ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ನಿಮ್ಮನೇಲಿ ನೆಟ್ ಬರ್ತಿದ್ಯಾ?" ನೀರಿನ ವಿಷಯ ನಮಗೆಲ್ಲ ಚೆನ್ನಾಗಿ ಗೊತ್ತು. ಎಷ್ಟು ಇಂಚಿನ ಪೈಪು, ಎಷ್ಟು ಲೀಟರಿನ ಟ್ಯಾಂಕು, ಮೋಟಾರು ಎಷ್ಟು ಹೊತ್ತು ಓಡಬೇಕು, ಎಲ್ಲ ಬಾಯಿಪಾಠ. ನೆಟ್ ವಿಷಯಕ್ಕೆ ಬಂದರೆ ಮಾತ್ರ ಪೇಪರಿನ ಜೊತೆ ಬಂದ ಪಾಂಪ್ಲೆಟ್ ಹೇಳಿದ್ದೇ ವೇದವಾಕ್ಯ. ನೂರು, ಇನ್ನೂರು, ಮುನ್ನೂರು ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ದೊಡ್ಡ ನಂಬರ್ ಇದ್ದರೆ ಒಳ್ಳೆಯದೇ ಇರಬೇಕು ಅಂತ ತಲೆಯಾಡಿಸುತ್ತೇವೆ.

ಈ ನಂಬರುಗಳ ಅರ್ಥ ತಿಳಿದುಕೊಳ್ಳುವ ಅಗತ್ಯ ನನಗೆ ಬಂದದ್ದು ಹೊಟ್ಟೆಪಾಡಿನ ಕಾರಣಕ್ಕೆ. ನಾನು ಸಂಗೀತ ಪಾಠ ಹೇಳುವವಳು. 2020ರ ಲಾಕ್‌ಡೌನ್ ತನಕ ಮಕ್ಕಳು ಮನೆಗೇ ಬಂದು, ಚಾಪೆಯ ಮೇಲೆ ಕೂತು ಸರಳೆ ವರಿಸೆ, ಜಂಟಿ ವರಿಸೆ ಹೇಳುತ್ತಿದ್ದರು. ಆಮೇಲೆ ಪಾಠ ಲ್ಯಾಪ್‌ಟಾಪಿಗೆ ಹೋಯಿತು. ಲಾಕ್‌ಡೌನ್ ಮುಗಿದರೂ ಅರ್ಧಕ್ಕರ್ಧ ಅಲ್ಲೇ ಉಳಿಯಿತು. ಒಬ್ಬರಿಂದ ಒಬ್ಬರಿಗೆ ಹೇಳಿ ದೂರದ ಮಕ್ಕಳೂ ಸೇರಿದರು. ಈಗ ನೆಟ್‌ನಲ್ಲಿ ಕಲಿಯುವವರು ಹನ್ನೊಂದು ಜನ. ಅವರಲ್ಲಿ ನಾಲ್ವರು ಅಮೆರಿಕದಲ್ಲಿದ್ದಾರೆ. ಅವರ ಪಾಠ ನಮ್ಮ ಬೆಳಿಗ್ಗೆ ಐದೂವರೆಗೆ. ಯಜಮಾನ್ರು ಖಾಸಗಿ ಕಂಪನಿಯಿಂದ ನಿವೃತ್ತರಾದವರು, ಪೆನ್ಷನ್ ಇಲ್ಲ. ಅತ್ತೆಯವರ ಔಷಧಿ, ಮನೆಯ ದಿನಸಿ, ಹಾಲು, ಕರೆಂಟು, ಇಷ್ಟೂ ನಡೆಯುವುದು ನನ್ನ ಪಾಠದ ಫೀಸಿನಿಂದ. ನೆಟ್ ನಿಂತರೆ ಬೇರೆಯವರ ಮನೆಯಲ್ಲಿ ಧಾರಾವಾಹಿ ನಿಲ್ಲುತ್ತದೆ, ನಮ್ಮನೆಯಲ್ಲಿ ಸಂಪಾದನೆ ನಿಲ್ಲುತ್ತದೆ.

ಕಳೆದ ವರ್ಷ ಮಳೆಗಾಲದಲ್ಲಿ ಅದು ನಿಲ್ಲುವ ಹಂತಕ್ಕೇ ಬಂತು. "ಟೀಚರ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ" ಅನ್ನೋದು ದಿನಾ ಕೇಳುವ ಮಾತಾಯಿತು. ಗಮಕ ಹೇಳಿಕೊಡುವಾಗ ಧ್ವನಿ ನಡುವೆ ತುಂಡಾದರೆ ಮಗು ಕಲಿಯೋದಾದರೂ ಏನನ್ನು? ನ್ಯೂಜೆರ್ಸಿಯ ಒಬ್ಬ ಹುಡುಗಿ ನಾಲ್ಕು ವರ್ಷ ಕಲಿತು ವರ್ಣಕ್ಕೆ ಬಂದಿದ್ದಳು. ಅವಳ ತಾಯಿ ಬಹಳ ಮರ್ಯಾದೆಯಿಂದಲೇ ಒಂದು ಮೆಸೇಜ್ ಹಾಕಿದರು: "ಟೀಚರ್, ಹೀಗೇ ಆದರೆ ಇಲ್ಲೇ ಯಾರನ್ನಾದರೂ ನೋಡಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ." ಆ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮದು ಆಗ ನೂರು ಎಂಬಿಪಿಎಸ್ ಪ್ಲಾನು. ಕಂಪನಿಯ ಹೆಸರು ಬೇಡ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರತಿಸಲವೂ ಒಂದೇ ಉತ್ತರ: "ಮೇಡಂ, ಇನ್ನೂರರ ಪ್ಲಾನ್‌ಗೆ ಅಪ್‌ಗ್ರೇಡ್ ಮಾಡ್ಕೊಳ್ಳಿ." ದುಡ್ಡು ಕೊಡುವ ಮೊದಲು ವಿಷಯ ಏನು ಅಂತ ತಿಳಿಯೋಣ ಅಂದುಕೊಂಡೆ. ನೆಟ್‌ವರ್ಕ್ ಕೆಲಸದಲ್ಲೇ ಇರುವ ಅಕ್ಕನ ಮಗನನ್ನು ಒಂದು ಭಾನುವಾರ ಊಟಕ್ಕೆ ಕರೆದೆ.

ಊಟ ಆದ ಮೇಲೆ ಮೊದಲ ಪ್ರಶ್ನೆ ಹಾಕಿದೆ. "ನೂರು ಎಂಬಿಪಿಎಸ್ ಅಂದ್ರೆ ಎಷ್ಟೋ?"

"ಚಿಕ್ಕಮ್ಮ, ನಿಮ್ಮ ಆದಿತಾಳ ಇದೆಯಲ್ಲ, ಒಂದು ಆವರ್ತಕ್ಕೆ ಎಷ್ಟು ಅಕ್ಷರ?"

"ಎಂಟು."

"ಹಾಗೇ ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಕಂಪನಿಯವರು ಸ್ಪೀಡ್ ಹೇಳೋದು ಬಿಟ್ ಲೆಕ್ಕದಲ್ಲಿ. ನಿಮ್ಮ ಫೋನಲ್ಲಿ ಫೋಟೊ, ಸಿನಿಮಾ ಎಷ್ಟು ದೊಡ್ಡದು ಅಂತ ತೋರಿಸೋದು ಬೈಟ್ ಲೆಕ್ಕದಲ್ಲಿ. ಅದಕ್ಕೆ ನೂರನ್ನ ಎಂಟರಿಂದ ಭಾಗಿಸಿ. ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಬರುತ್ತೆ, ಅಷ್ಟೇ."

ನೂರು ಅಂತ ಹೇಳಿ ಹನ್ನೆರಡೂವರೆ ಕೊಡುವುದು ಮೋಸವೇನಲ್ಲ, ಅಳತೆಯೇ ಬೇರೆ. ಸೇರು ಮತ್ತು ಪಾವಿನ ಹಾಗೆ. ಆದರೆ ಗೊತ್ತಿಲ್ಲದವರಿಗೆ ಡೌನ್‌ಲೋಡ್ ಆಗುವಾಗ ಪರದೆಯ ಮೇಲೆ ಹನ್ನೆರಡು ಅಂತ ಕಂಡರೆ ಎದೆ ಧಸಕ್ ಅನ್ನುತ್ತದೆ.

ಹಾಗಂತ ಹನ್ನೆರಡೂವರೆ ಕಡಿಮೆಯೂ ಅಲ್ಲ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗೆಲ್ಲ ಫೋನ್ ಲೈನಿನಲ್ಲೇ ಕಿರ್ ಕಿರ್ ಅಂತ ಸದ್ದು ಮಾಡಿಕೊಂಡು ನೆಟ್ ಸೇರಬೇಕಿತ್ತು. ಆ ಹೊತ್ತಿನಲ್ಲಿ ಯಾರಾದರೂ ಮನೆಗೆ ಫೋನ್ ಮಾಡಿದರೆ ಎಂಗೇಜ್. ಮುಂದೆ ಒಳ್ಳೆಯ ಮೋಡೆಮ್ ಬಂದಾಗಲೂ ಗರಿಷ್ಠ 56 ಕೆಬಿಪಿಎಸ್. 2004ರ ಕೇಂದ್ರ ಸರ್ಕಾರದ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಅನ್ನಬಹುದಿತ್ತು. 2013ರಲ್ಲಿ ಅದು 512 ಆಯಿತು. 2023ರಲ್ಲಿ ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ ಬದಲಾಯಿಸಿದರು. ಅಂದರೆ ನೂರರ ಪ್ಲಾನ್ ಅನ್ನೋದು ಸರ್ಕಾರದ ಕನಿಷ್ಠ ಅಳತೆಯ ಐವತ್ತು ಪಟ್ಟು. ಅಷ್ಟಿದ್ದೂ ನನ್ನ ಧ್ವನಿ ತುಂಡಾಗುವುದು ಯಾಕೆ?

ನಮ್ಮ ಹುಡುಗ ಒಂದು ಕಾಗದ ತೆಗೆದುಕೊಂಡು ಮನೆಯಲ್ಲಿ ಯಾರು ಏನು ಮಾಡುತ್ತಾರೆ ಅಂತ ಕೇಳಿ ಬರೆದ. ಮಗಳು ವಾರಕ್ಕೆ ಎರಡು ದಿನ ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಾಳೆ, ವಿಡಿಯೊ ಮೀಟಿಂಗ್‌ಗೆ ಮೂರು ನಾಲ್ಕು ಎಂಬಿಪಿಎಸ್ ಸಾಕು. ಅತ್ತೆಯವರು ಟಿವಿಯಲ್ಲಿ ನೋಡುವ ಧಾರಾವಾಹಿ ಒಳ್ಳೆಯ ಸ್ಪಷ್ಟತೆಯಲ್ಲಿ ಬರಲು ಐದು ಸಾಕು. ನೆಟ್‌ಫ್ಲಿಕ್ಸ್‌ನವರೇ ಫುಲ್ ಎಚ್‌ಡಿಗೆ 5, ದೊಡ್ಡ 4ಕೆ ಟಿವಿಗೆ 15 ಎಂಬಿಪಿಎಸ್ ಇರಲಿ ಅನ್ನುತ್ತಾರೆ. ಯಜಮಾನ್ರ ಯೂಟ್ಯೂಬ್ ಹರಿಕಥೆಗೆ ಇನ್ನೊಂದು ಐದು ಸೇರಿಸಿ. ನನ್ನ ಪಾಠಕ್ಕೆ ನಾಲ್ಕು. ನಾಲ್ವರೂ ಒಂದೇ ಹೊತ್ತಿಗೆ ಕೂತರೂ ಇಪ್ಪತ್ತು ದಾಟಲಿಲ್ಲ! "ನಿಮಗೆ ಇನ್ನೂರು ಯಾಕೆ ಚಿಕ್ಕಮ್ಮ, ಮನೆಯೇನು ಕಲ್ಯಾಣಮಂಟಪವೇ?" ಅಂದ.

ಆಮೇಲೆ ಅವನು ಮಾಡಿದ ಪರೀಕ್ಷೆಯನ್ನು ಪ್ರತಿಯೊಬ್ಬರೂ ಮನೆಯಲ್ಲಿ ಮಾಡಿ ನೋಡಬೇಕು. ಲ್ಯಾಪ್‌ಟಾಪನ್ನು ಒಂದು ಲ್ಯಾನ್ ಕೇಬಲ್ ಮೂಲಕ ನೇರವಾಗಿ ರೌಟರಿಗೆ ಚುಚ್ಚಿದ. ಸ್ಪೀಡ್ ಟೆಸ್ಟ್ 94 ತೋರಿಸಿತು. ಕೇಬಲ್ ತೆಗೆದು ಹಾಲ್‌ನಲ್ಲೇ ವೈಫೈನಲ್ಲಿ ನೋಡಿದಾಗ 78. ನಾನು ಪಾಠ ಹೇಳುವ ಹಿಂದಿನ ಕೋಣೆಗೆ ತಂದು ನೋಡಿದಾಗ 9. ಒಮ್ಮೊಮ್ಮೆ 4!

ಸಂಪಿನ ಲೆಕ್ಕಕ್ಕೆ ಬನ್ನಿ, ಸುಲಭವಾಗಿ ತಿಳಿಯುತ್ತದೆ. ಬೀದಿಯಿಂದ ಸಂಪಿಗೆ ನೀರು ಭರ್ತಿ ಬರುತ್ತಿದೆ, ಆದರೆ ಮನೆಯೊಳಗಿನ ಪೈಪಿನಲ್ಲಿ ಕಸ ಕಟ್ಟಿದೆ. ಬಚ್ಚಲಿನ ನಲ್ಲಿಯಲ್ಲಿ ಹನಿ ಹನಿ ಬಂದರೆ ನೀರು ಮಂಡಳಿಯವರನ್ನು ಬೈದು ಪ್ರಯೋಜನವೇನು? ಕಂಪನಿ ಕೊಡುವ ಲೈನ್ ಬೇರೆ, ಮನೆಯೊಳಗೆ ಹರಡುವ ವೈಫೈ ಬೇರೆ. ನಮ್ಮದು ಹಳೇ ಕಾಲದ ಮನೆ, ಒಂಬತ್ತು ಇಂಚಿನ ಗೋಡೆ. ಕನೆಕ್ಷನ್ ಹಾಕಲು ಬಂದವರು ರೌಟರನ್ನು ಬಾಗಿಲಿನ ಪಕ್ಕ, ಕಬ್ಬಿಣದ ಬೀರುವಿನ ಹಿಂದಿನ ಮೂಲೆಯಲ್ಲಿ ಕೂರಿಸಿ ಹೋಗಿದ್ದರು. ಅಲ್ಲಿಂದ ನನ್ನ ಕೋಣೆಗೆ ಮೂರು ಗೋಡೆ ದಾಟಬೇಕು.

ರೌಟರಿನಲ್ಲಿ ಎರಡು ಬಗೆಯ ವೈಫೈ ಇರುತ್ತದೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಜೊತೆಗೆ ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅದೇ ದಾರಿಯಲ್ಲಿ ಓಡಾಡುವುದರಿಂದ ಗಾಂಧಿ ಬಜಾರಿನಲ್ಲಿ ಹಬ್ಬದ ಹಿಂದಿನ ದಿನ ಇದ್ದ ಹಾಗಿರುತ್ತದೆ. 5 ಗಿಗಾಹರ್ಟ್ಸ್‌ನದು ವೇಗ, ಆದರೆ ಗೋಡೆ ಎದುರಾದರೆ ಸೋಲುತ್ತದೆ. ನನ್ನ ಕೋಣೆಗೆ ಎರಡೂ ಸರಿಯಾಗಿ ತಲುಪುತ್ತಿರಲಿಲ್ಲ. ಪರಿಹಾರ ಬಹಳ ಸರಳವಾಗಿತ್ತು. ಹದಿನೈದು ಮೀಟರ್ ಲ್ಯಾನ್ ಕೇಬಲ್ ತಂದು, ಗೋಡೆಯ ಅಂಚಿನಲ್ಲಿ ಕ್ಲಿಪ್ ಹೊಡೆದು ಕೋಣೆಗೆ ಎಳೆದ. ಈ ಕೇಬಲ್ ನೂರು ಮೀಟರ್ ತನಕ ಸಲೀಸಾಗಿ ಕೆಲಸ ಮಾಡುತ್ತದಂತೆ. ಖರ್ಚು ಕೆಲವು ನೂರು ರೂಪಾಯಿ, ಅದೂ ಒಂದೇ ಸಲ. ಅಪ್‌ಗ್ರೇಡ್ ಆಗಿದ್ದರೆ ಪ್ರತಿ ತಿಂಗಳೂ ಹೆಚ್ಚಿಗೆ ಕಟ್ಟಬೇಕಿತ್ತು, ಕೋಣೆಯಲ್ಲಿ ಆಗಲೂ ಒಂಬತ್ತೇ ಬರುತ್ತಿತ್ತು.

ಪಾಠ ಹೇಳುವವರಿಗೆ, ಮನೆಯಿಂದ ಕೆಲಸ ಮಾಡುವವರಿಗೆ ಇನ್ನೆರಡು ವಿಷಯ ಮುಖ್ಯ. ಮೊದಲನೆಯದು ಅಪ್‌ಲೋಡ್. ಜಾಹೀರಾತಿನ ನೂರು ಸಾಮಾನ್ಯವಾಗಿ ನಮ್ಮ ಕಡೆಗೆ ಬರುವ ಸ್ಪೀಡು. ನನ್ನ ಧ್ವನಿ ಇಲ್ಲಿಂದ ಹೋಗುವುದು ಅಪ್‌ಲೋಡ್‌ನಲ್ಲಿ. ಹಲವು ಫೈಬರ್ ಪ್ಲಾನ್‌ಗಳಲ್ಲಿ ಎರಡೂ ಒಂದೇ ಇರುತ್ತದೆ. ಕೆಲವದರಲ್ಲಿ, ಅದರಲ್ಲೂ ಗಾಳಿಯಲ್ಲಿ ಬರುವ ಸಂಪರ್ಕಗಳಲ್ಲಿ, ಹೋಗುವ ಸ್ಪೀಡ್ ಬಹಳ ಕಡಿಮೆ. "ಅಪ್‌ಲೋಡ್ ಎಷ್ಟು?" ಅಂತ ನಾವಾಗಿ ಬಾಯಿಬಿಟ್ಟು ಕೇಳದೆ ಯಾರೂ ಹೇಳುವುದಿಲ್ಲ.

ಎರಡನೆಯದು ಪಿಂಗ್. ಅಂದರೆ ಒಂದು ಮಾತು ಅಲ್ಲಿಗೆ ಹೋಗಿ ಉತ್ತರ ತಿರುಗಿ ಬರಲು ಹಿಡಿಯುವ ಸಮಯ. ನನಗೆ ಬಹಳ ದಿನದಿಂದ ಒಂದು ಆಸೆ ಇತ್ತು. ಒಳ್ಳೆಯ ಪ್ಲಾನ್ ತೆಗೆದುಕೊಂಡರೆ ನ್ಯೂಜೆರ್ಸಿಯ ಹುಡುಗಿಯೂ ನಾನೂ ಒಟ್ಟಿಗೆ ತಾಳ ಹಾಕಿಕೊಂಡು ಹಾಡಬಹುದಾ ಅಂತ. ಅವನು ಲೆಕ್ಕ ಮಾಡಿ ತೋರಿಸಿದ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಅಲ್ಲಿಗೆ ನೇರ ಗೆರೆ ಎಳೆದರೂ ಸುಮಾರು 13,000 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕೇ ಬೇಕು. ಸಮುದ್ರದಡಿಯ ಕೇಬಲ್ ಸುತ್ತಿಬಳಸಿ ಹೋಗುವುದರಿಂದ ನಿಜವಾಗಿ ಹಿಡಿಯುವುದು 200ಕ್ಕೂ ಹೆಚ್ಚು. ದ್ರುತದಲ್ಲಿ ಸ್ವರ ಹೇಳುವಾಗ ಅಷ್ಟರಲ್ಲಿ ಒಂದು ಅಕ್ಷರವೇ ಆಚೀಚೆ ಆಗುತ್ತದೆ. "ಯಾವ ಕಂಪನಿ ಪ್ಲಾನ್ ತಗೊಂಡ್ರೂ ಇದನ್ನ ಕಮ್ಮಿ ಮಾಡಕ್ಕಾಗಲ್ಲ ಚಿಕ್ಕಮ್ಮ, ಭೂಮಿ ಅಷ್ಟು ದೊಡ್ಡದು" ಅಂದ. ಅದಕ್ಕೇ ಈಗಲೂ ನಾನು ಹಾಡಿ ನಿಲ್ಲಿಸುತ್ತೇನೆ, ಆಮೇಲೆ ಅವಳು ಹೇಳುತ್ತಾಳೆ. ಹಳೇ ಪದ್ಧತಿಯೇ.

ನನ್ನಂಥ ಪಾಠದವರಿಗೆ ಇದರ ಜೊತೆ ಒಂದು ಕಿವಿಮಾತು. ವಿಡಿಯೊ ಕಾಲ್ ಆ್ಯಪ್‌ಗಳು ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಗದ್ದಲ ಅಂದುಕೊಂಡು ಅಳಿಸಿಬಿಡುತ್ತವೆ. ಶ್ರುತಿಪೆಟ್ಟಿಗೆಯ ನಾದಕ್ಕೂ ಅದೇ ಗತಿ. ಝೂಮ್‌ನಲ್ಲಿ 'ಒರಿಜಿನಲ್ ಸೌಂಡ್' ಅಂತ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿಕೊಂಡರೆ ಶ್ರುತಿ ಅಲ್ಲಿಗೂ ಕೇಳುತ್ತದೆ.

ಕೇಬಲ್ ಎಳೆದ ಮೇಲೆ ಧ್ವನಿ ತುಂಡಾಗುವುದು ನಿಂತಿತು. ಆದರೆ ಎರಡೇ ವಾರದಲ್ಲಿ ಲೈನೇ ಹೋಯಿತು. ಪೆಟ್ಟಿಗೆಯಲ್ಲಿ 'ಲಾಸ್' ಅಂತ ಬರೆದಿರುವ ಕಡೆ ಕೆಂಪು ದೀಪ ಮಿಟುಕುತ್ತಿತ್ತು. ಈ ದೀಪ ಕೆಂಪಾದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ರೌಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಉಪಯೋಗವಿಲ್ಲ. ನಮ್ಮ ಬೀದಿಯಲ್ಲಿ ಆ ಕಂಪನಿಯ ಕೇಬಲ್ ಮರದಿಂದ ಮರಕ್ಕೆ ತೂಗಾಡುತ್ತಿತ್ತು, ಗಾಳಿಮಳೆಗೆ ಕೊಂಬೆ ಬಿದ್ದು ತುಂಡಾಗಿತ್ತು. "ಇಪ್ಪತ್ನಾಲ್ಕು ಗಂಟೆಯಲ್ಲಿ ಸರಿಹೋಗುತ್ತೆ" ಅಂದವರು ನಾಲ್ಕನೇ ದಿನ ಬಂದರು. ಆ ನಾಲ್ಕು ದಿನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ವಿಡಿಯೊ ಇಲ್ಲದೆ ಬರೀ ಧ್ವನಿಯಲ್ಲಿ ಪಾಠ ನಡೆಸಿದೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಅಲ್ಲಿಗೆ ಕಂಪನಿ ಬದಲಿಸುವುದು ಅಂತ ತೀರ್ಮಾನವಾಯಿತು. ಯಾವುದನ್ನು ಆರಿಸೋದು? ಬೆಂಗಳೂರಿನಲ್ಲಿ ಆಯ್ಕೆಗೇನೂ ಬರವಿಲ್ಲ. ಬಿಎಸ್‌ಎನ್‌ಎಲ್ ಇದೆ, ಏರ್‌ಟೆಲ್, ಜಿಯೊ ಇವೆ, ನಮ್ಮ ಊರಿನಲ್ಲೇ ಹುಟ್ಟಿದ ಆ್ಯಕ್ಟ್ ಇದೆ, ಬಡಾವಣೆ ಮಟ್ಟದ ಸಣ್ಣ ಕೇಬಲ್‌ನವರಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಜಿಯೊ ಏರ್‌ಫೈಬರ್ ಬಂದ ಮೇಲೆ ವೈರೇ ಇಲ್ಲದೆ 5ಜಿ ಮೂಲಕ ಮನೆಗೆ ನೆಟ್ ತರಿಸುವ ದಾರಿಯೂ ಇದೆ. "ಯಾವುದೋ ಒಳ್ಳೇದು?" ಅಂದರೆ ಹುಡುಗ ಹೇಳಿದ್ದು: "ಊರಿಗೆಲ್ಲ ಒಳ್ಳೇ ಕಂಪನಿ ಅಂತ ಯಾವುದೂ ಇಲ್ಲ ಚಿಕ್ಕಮ್ಮ. ನಿಮ್ಮ ಬೀದಿಗೆ ಯಾವುದು ಒಳ್ಳೇದು ಅಂತ ಬೀದಿಯವರನ್ನೇ ಕೇಳಿ."

ಯಾಕೆ ಅಂತಲೂ ಹೇಳಿದ. ಫೈಬರಿನಲ್ಲಿ ಆಫೀಸಿನಿಂದ ಬರುವ ಒಂದು ಎಳೆಯನ್ನು ಸ್ಪ್ಲಿಟರ್ ಅನ್ನುವ ಪುಟ್ಟ ಡಬ್ಬಿಯಲ್ಲಿ ಸೀಳಿ ಹದಿನಾರು, ಮೂವತ್ತೆರಡು, ಕೆಲವೊಮ್ಮೆ ಅರವತ್ತನಾಲ್ಕು ಮನೆಗೆ ಹಂಚುತ್ತಾರೆ. ಸಾಮಾನ್ಯವಾಗಿ ಬಳಸುವ ಜಿಪಾನ್ ಪದ್ಧತಿಯಲ್ಲಿ ಅಷ್ಟೂ ಮನೆಗೆ ಸೇರಿ ಸಿಗುವುದು ಸುಮಾರು ಎರಡೂವರೆ ಸಾವಿರ ಎಂಬಿಪಿಎಸ್. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಒತ್ತಡ ಕಡಿಮೆಯಾಗುವುದು ಸಹಜ. ಪಾಂಪ್ಲೆಟ್‌ನಲ್ಲಿ ನೂರರ ಪಕ್ಕ ಸಣ್ಣಕ್ಷರದಲ್ಲಿ 'ವರೆಗೆ' ಅಂತ ಇರುವುದು ಅದಕ್ಕೇ. ಎಷ್ಟು ಮನೆಗೆ ಹಂಚಿದ್ದಾರೆ, ಕೇಬಲ್ ಯಾವ ದಾರಿಯಲ್ಲಿ ಬಂದಿದೆ, ಕೆಟ್ಟರೆ ಬರುವ ಹುಡುಗ ಎಲ್ಲಿರುತ್ತಾನೆ, ಇವೆಲ್ಲ ಬೀದಿಯಿಂದ ಬೀದಿಗೆ ಬೇರೆ. ಕಂಬದ ಮೇಲೆ ಅನುಮತಿಯಿಲ್ಲದೆ ಎಳೆದ ಕೇಬಲ್ ಆದರೆ ಬೆಸ್ಕಾಂನವರು ಯಾವತ್ತಾದರೂ ಕತ್ತರಿಸಬಹುದು.

ನಾನು ಸಂಜೆಯ ವಾಕಿಂಗ್ ಹೊತ್ತಿನಲ್ಲಿ ಏಳು ಮನೆಯವರನ್ನು ಕೇಳಿ ಕ್ಯಾಲೆಂಡರಿನ ಹಿಂದೆ ಬರೆದುಕೊಂಡೆ. ಕೇಳಿದ್ದು ನಾಲ್ಕೇ ಪ್ರಶ್ನೆ. ರಾತ್ರಿ ಒಂಬತ್ತಕ್ಕೆ ಹೇಗಿರುತ್ತೆ? ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಇರಲಿಲ್ಲ? ಕಂಪ್ಲೇಂಟ್ ಕೊಟ್ಟರೆ ಎಷ್ಟು ಹೊತ್ತಿಗೆ ಬರುತ್ತಾರೆ? ಬಿಲ್ಲಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಬಂದಿದೆಯಾ? ಏಳರಲ್ಲಿ ಮೂರು ಮನೆಯವರು ಒಂದೇ ಕಂಪನಿಯನ್ನು ಹೊಗಳಿದರು. ಅದರ ಲೈನ್ ನೋಡಿಕೊಳ್ಳುವ ಹುಡುಗ ಇಲ್ಲೇ ಕತ್ತರಿಗುಪ್ಪೆಯವನು, ಫೋನ್ ಮಾಡಿದರೆ ಅದೇ ದಿನ ಬರುತ್ತಾನೆ. ತಿಂಗಳಿಗೆ ನೂರು ರೂಪಾಯಿ ಹೆಚ್ಚು. ನನಗೆ ಒಂದು ದಿನದ ಪಾಠ ನಿಂತರೆ ಅದಕ್ಕಿಂತ ಜಾಸ್ತಿ ನಷ್ಟ. ಅದನ್ನೇ ಹಾಕಿಸಿದೆವು, ಮತ್ತೆ ನೂರರದ್ದೇ ಪ್ಲಾನು, ಅಪ್‌ಲೋಡೂ ನೂರು.

ದುಡ್ಡಿನ ಬಗ್ಗೆ ಕೆಲವು ಸೂಕ್ಷ್ಮಗಳು. ಜಾಹೀರಾತಿನಲ್ಲಿ 499 ಅಂತ ಇದ್ದರೆ ಶೇ 18 ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆ ಆಗುತ್ತದೆ. 'ಅನ್‌ಲಿಮಿಟೆಡ್' ಅಂದರೂ ಒಂದು ಮಿತಿ ಇರುತ್ತದೆ, ಅದು ಮುಗಿದ ಮೇಲೆ ಸ್ಪೀಡ್ ಇಳಿಸುತ್ತಾರೆ. ಹಲವು ಪ್ಲಾನ್‌ಗಳಲ್ಲಿ ಅದು ತಿಂಗಳಿಗೆ 3,300 ಜಿಬಿ. ಎಚ್‌ಡಿ ಸಿನಿಮಾ ಗಂಟೆಗೆ ಹೆಚ್ಚೆಂದರೆ 3 ಜಿಬಿ ತಿನ್ನುತ್ತದೆ ಅಂದುಕೊಂಡರೂ 1,100 ಗಂಟೆ ನೋಡಬೇಕು, ತಿಂಗಳಿಗಿರುವುದೇ 720 ಗಂಟೆ. ಅಷ್ಟಿದ್ದರೆ ಯೋಚನೆಯಿಲ್ಲ, ಆದರೆ ಅಗ್ಗದ ಪ್ಲಾನ್‌ಗಳಲ್ಲಿ ಮಿತಿ ಎಷ್ಟು ಅಂತ ನೋಡಿಯೇ ತೆಗೆದುಕೊಳ್ಳಿ. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಾರೆ. ಮೊದಲ ತಿಂಗಳು ಬಿಡಿಯಾಗಿ ಕಟ್ಟಿ, ರಾತ್ರಿ ಹೊತ್ತು ಪರೀಕ್ಷೆ ಮಾಡಿ, ಆಮೇಲೆ ಬೇಕಾದರೆ ವರ್ಷದ್ದು ಕಟ್ಟಿ. ಮೊಬೈಲ್ ನಂಬರಿನ ಹಾಗೆ ಬ್ರಾಡ್‌ಬ್ಯಾಂಡನ್ನು ಪೋರ್ಟ್ ಮಾಡುವುದಕ್ಕೆ ಆಗುವುದಿಲ್ಲ. ಹೊಸದು ಬಂದು ಒಂದು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ತೆಗೆಸಿ. ಹಳೇ ರೌಟರ್ ವಾಪಸ್ ಕೊಟ್ಟಾಗ ರಸೀದಿ ಇಸಕೊಳ್ಳಿ.

ಕರೆಂಟ್ ಹೋದಾಗ ನೆಟ್ ಹೋಗುವುದು ಸಾಮಾನ್ಯವಾಗಿ ನಮ್ಮ ಪೆಟ್ಟಿಗೆ ಆರಿಹೋಗುವುದರಿಂದ. ಬೀದಿಯ ಸ್ಪ್ಲಿಟರಿಗೆ ಕರೆಂಟೇ ಬೇಡ. ರೌಟರಿಗೆ ಅಂತಲೇ ಸಿಗುವ ಅಂಗೈಯಗಲದ ಯುಪಿಎಸ್ ಹಾಕಿಕೊಂಡಿದ್ದೇವೆ, ಬೆಳಗಿನ ಪಾಠ ಈಗ ನಿಲ್ಲುವುದಿಲ್ಲ.

ದೂರು ಕೊಡುವ ವಿಷಯವೂ ತಿಳಿದಿರಲಿ. ಟ್ರಾಯ್ 2012ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರತಿ ಕಂಪನಿಯೂ ದೂರಿಗೆ ಒಂದು ಡಾಕೆಟ್ ನಂಬರ್ ಕೊಡಬೇಕು. ಬರೀ ಬಾಯಿಮಾತಿಗೆ ಒಪ್ಪಬೇಡಿ, ಆ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟೆಲಿಕಾಂ ವಿಷಯದಲ್ಲೂ ಗ್ರಾಹಕರು ಗ್ರಾಹಕ ವೇದಿಕೆಗೆ ಹೋಗಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಹೇಳಿದೆ. ನಾನೂ ಡಾಕೆಟ್ ನಂಬರ್ ಹಿಡಿದು ಮೇಲ್ಮನವಿ ಬರೆದ ಮೇಲೇ ಹಳೇ ಕಂಪನಿಯವರು ಕೆಟ್ಟುಹೋದ ದಿನಗಳ ದುಡ್ಡು ವಾಪಸ್ ಕೊಟ್ಟರು.

ನ್ಯೂಜೆರ್ಸಿಯ ಹುಡುಗಿ ನನ್ನ ಹತ್ತಿರವೇ ಉಳಿದಳು. ವರ್ಣ ಮುಗಿಸಿ ಈಗ ಕೃತಿ ಕಲಿಯುತ್ತಿದ್ದಾಳೆ.

ಮೊನ್ನೆ ಪಕ್ಕದ ಮನೆಯ ಅಜ್ಜಿ ಬಂದಿದ್ದರು. ಗಂಡ ಹೆಂಡತಿ ಇಬ್ಬರೇ, ಮಗ ಡಲ್ಲಾಸ್‌ನಲ್ಲಿ. ಅವರಿಗೆ ಯಾರೋ ಮುನ್ನೂರರ ಪ್ಲಾನ್ ಹಾಕಿಸಿದ್ದಾರೆ. "ಆದ್ರೂ ಮಗನ ಮುಖ ಕಲ್ಲಿನ ಥರ ನಿಂತ್ಬಿಡುತ್ತೆ ಕಣಮ್ಮ, ಐನೂರಕ್ಕೆ ಹೋಗಬೇಕಾ?" ಅಂದರು. "ಮಾತಾಡೋವಾಗ ಎಲ್ಲಿ ಕೂತಿರ್ತೀರಿ?" ಅಂತ ಕೇಳಿದೆ. "ಇನ್ನೆಲ್ಲಿ, ಅಡುಗೆಮನೇಲಿ. ಅವನಿಗೆ ರಾತ್ರಿ, ನನಗೆ ತಿಂಡಿ ಹೊತ್ತು." ರೌಟರ್ ಇದ್ದದ್ದು ಮಹಡಿಯ ಮೇಲೆ, ಮಗ ಮೊದಲು ಓದುತ್ತಿದ್ದ ರೂಮಿನಲ್ಲಿ. ಕತ್ತರಿಗುಪ್ಪೆಯ ಹುಡುಗನನ್ನು ಕರೆಸಿ ಅದನ್ನು ಊಟದ ಮನೆಗೆ ಇಳಿಸಿಕೊಟ್ಟೆವು. ವರ್ಷದ ದುಡ್ಡು ಮುಗಿದ ಮೇಲೆ ಐವತ್ತರ ಪ್ಲಾನಿಗೆ ಬರುತ್ತಾರಂತೆ. ಈಗ ದೋಸೆ ಹುಯ್ಯುತ್ತಲೇ ಮಗನ ಜೊತೆ ಮಾತಾಡುತ್ತಾರೆ, ಸದ್ದು ನಮ್ಮ ಅಡುಗೆಮನೆಗೂ ಕೇಳುತ್ತದೆ.